ಮೂಡಣ ದಿಬ್ಬ

ಬೆಳಿಗ್ಗೆ ತಂಗಿಯ ಮನೆಯ ನಡುಮನೆಯಲ್ಲಿ ತಾಯಿಯ ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಶಿವಗಂಗಾಳ ಫೋನಿಗೆ ಒಂದರ ಹಿಂದೆ ಒಂದರಂತೆ ಚಿತ್ರಗಳು ಬಂದು ಬಿದ್ದವು. ಕೈಯೆಲ್ಲ ಸೊಗಡು ಅಂಟಿದ್ದರಿಂದ ಕಿರುಬೆರಳಿನ ತುದಿಯಿಂದ ಒಂದನ್ನು ತೆರೆದಳು. ನೀಲಿ ನೀರು, ನೀರಿನೊಳಗೆ ಒಂದು ಬಂಡೆ. ಬಣ್ಣ ಕಣ್ಣಿಗೆ ಹತ್ತುವ ಮೊದಲೇ ಬಂಡೆಯ ಆಕಾರ ಗುರುತು ಸಿಕ್ಕಿಬಿಟ್ಟಿತು. ಎಡಕ್ಕೆ ಎರಡು ಉಬ್ಬು, ನಡುವೆ ಒಂದು ಸೀಳು, ಬಲಕ್ಕೆ ಕಿಟಕಿಯ ಸಜ್ಜದ ಹಾಗೆ ಹೊರಗೆ ಚಾಚಿದ ಕಲ್ಲಿನ ಅಂಚು. ಈ ಬಂಡೆಯನ್ನು ಅವಳು ತನ್ನ ಭಾಷಣಗಳಲ್ಲಿ ಎಷ್ಟು ಊರುಗಳ ಗೋಡೆಯ ಮೇಲೆ ತೋರಿಸಿದ್ದಳೋ. ಅಲ್ಲೆಲ್ಲ ಅದು ಬೂದುಬಣ್ಣದ್ದು, ಪಾಚಿ ಹಿಡಿದದ್ದು, ಸತ್ತದ್ದು. ಈ ಚಿತ್ರದಲ್ಲಿ ಅದರ ಮೇಲೆ ಹವಳಗಳಿದ್ದವು. ಕಂದು, ತಿಳಿಹಸಿರು, ಅಲ್ಲಲ್ಲಿ ಬದನೆಹೂವಿನ ಬಣ್ಣ. ಊಟದ ತಟ್ಟೆಯಷ್ಟು ಅಗಲಕ್ಕೆ ಹರಡಿದವು, ಜಿಂಕೆಯ ಕೊಂಬಿನಂತೆ ಕವಲೊಡೆದು ಎದ್ದವು. ಕೆಳಗೆ ಎರಡೇ ಸಾಲು: ‘ಮೇಡಂ, ಮೂಡಣ ದಿಬ್ಬ. ದಸರಾ ರಜೆಯಲ್ಲಿ ತೆಗೆದದ್ದು. ಇವತ್ತು ದುರ್ಗದ ಕಾಲೇಜಿನಲ್ಲಿ ನಿಮ್ಮ ಭಾಷಣ ಅಂತ ತಿಳೀತು, ನಾನೂ ಬರುತ್ತೇನೆ. ನಿರಂಜನ್, ಧರ್ಮಪುರ.’

“ಯಾರದೇ ಫೋನು?” ಎಂದು ಮರುಳಸಿದ್ದಮ್ಮ ಕೇಳಿದರು.

“ಯಾರದೂ ಇಲ್ಲವ್ವ” ಎಂದು ಶಿವಗಂಗಾ ಫೋನನ್ನು ಬೋರಲು ಹಾಕಿದಳು. ಹಾಗೆ ಅಂದದ್ದು ಯಾಕೆಂದು ಅವಳಿಗೇ ತಿಳಿಯಲಿಲ್ಲ. ಸಂತೋಷವಾಗಬೇಕಿತ್ತು. ಸತ್ತಿತೆಂದು ತಿಳಿದದ್ದು ಬದುಕಿದೆ ಎಂದಾಗ ಯಾರಿಗಾದರೂ ಆಗುವ ಸಂತೋಷ. ಅದು ಬರುತ್ತದೇನೋ ಎಂದು ಅವಳು ಇನ್ನೂ ನಾಲ್ಕು ಕಾಯಿ ಸುಲಿದು ಕಾದಳು. ಬಂದದ್ದು ಬೇರೆ. ಯಾರದೋ ಮನೆಯ ಹಿತ್ತಿಲಲ್ಲಿ ಸಿಕ್ಕಿಬಿದ್ದವಳಂತೆ ಕಿವಿಯ ಹಿಂಭಾಗ ಬೆಚ್ಚಗಾಯಿತು. ಯಾಕೆ ಇವತ್ತೇ ಕಳಿಸಿದ? ದಸರಾ ಮುಗಿದು ಸಂಕ್ರಾಂತಿಯೂ ಹೋಯಿತು. ಇಷ್ಟು ದಿನ ಇಟ್ಟುಕೊಂಡಿದ್ದವನು ಭಾಷಣದ ದಿನ ಬೆಳಿಗ್ಗೆಯೇ ಕಳಿಸುವುದೆಂದರೆ. ಕಾಳೊಂದು ಬೆರಳಿನಿಂದ ಜಾರಿ ಸೋಫಾದ ಅಡಿಗೆ ಉರುಳಿಹೋಯಿತು. ಅವಳು ಬಗ್ಗಿ ಅದನ್ನು ಹುಡುಕಿದಳು. ಮೊಣಕಾಲು ನೋಯಿತು. ತಾಯಿ, “ಬಿಡೇ ಅತ್ತ, ಒಂದು ಕಾಳಿಗೆ ಎಷ್ಟು ಒದ್ದಾಡ್ತೀಯ” ಎಂದರು.

ನಿರಂಜನ್ ಒಂದು ಕಾಲಕ್ಕೆ ಅವಳ ವಿದ್ಯಾರ್ಥಿ. ಹಿರಿಯೂರಿನ ಆಚೆ, ಆಂಧ್ರದ ಗಡಿಗೆ ಅಂಟಿದ ಧರ್ಮಪುರದವನು. ಸಮುದ್ರ ಕಾಣುವ ಮೊದಲು ನೀರೆಂದರೆ ಅವನಿಗೆ ಶೇಂಗಾ ಹೊಲದ ಬಾವಿ. ಬಾಗೂರಿನವಳಾದ ತಾನು, ಧರ್ಮಪುರದವನಾದ ಅವನು, ಇಬ್ಬರೂ ನೀರಿಲ್ಲದ ಸೀಮೆಯಿಂದ ಹೋಗಿ ಸಮುದ್ರದ ತಳ ನೋಡುತ್ತೇವೆ ಎಂಬುದು ಪ್ರಯೋಗಾಲಯದಲ್ಲಿ ಎಲ್ಲರಿಗೂ ತಮಾಷೆಯಾಗಿತ್ತು. ಅವನು ಪಿಎಚ್‌ಡಿಯ ಮೂರನೆಯ ವರ್ಷದಲ್ಲಿ, ಮೂಡಣ ದಿಬ್ಬವನ್ನು ಇನ್ನೂ ಕೆಲವು ವರ್ಷ ನೋಡುತ್ತಾ ಇರೋಣ ಮೇಡಂ ಎಂದಿದ್ದ. ಅಷ್ಟು ಹೊತ್ತಿಗೆ ಅವಳು ಅದು ಸತ್ತಿದೆಯೆಂದು ಬರೆದಾಗಿತ್ತು, ಅಚ್ಚಾಗಿತ್ತು, ಪತ್ರಿಕೆಯವರು ಬಂದು ಹೋಗಿದ್ದರು. ಐದಾರು ಜನರ ಮುಂದೆ ಅವಳು, “ನಿನಗೆ ವಿಜ್ಞಾನ ಬೇಡ ನಿರಂಜನ್, ಸಮಾಧಾನ ಬೇಕು” ಎಂದಳು. ಯಾರೋ ನಕ್ಕರು. ಅವನೂ ನಕ್ಕ. ಮಾರನೆಯ ತಿಂಗಳು ಬಿಟ್ಟುಹೋದ. ಈಗ ಹಿರಿಯೂರು ತಾಲ್ಲೂಕಿನ ಯಾವುದೋ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು ಎಂದು ಕೇಳಿದ್ದಳು. ರಜೆ ಬಂದಾಗಲೆಲ್ಲ ಮೂಡಣ ದಿಬ್ಬವಿರುವ ದ್ವೀಪಕ್ಕೆ ಹೋಗುತ್ತಾನೆ ಎಂಬುದು ಗೊತ್ತಿರಲಿಲ್ಲ.

ತಂಗಿ ಚೈತ್ರಾ ಕಾಲೇಜಿಗೆ ಹೊರಡುವ ಸೀರೆಯುಟ್ಟು ಬಂದು, “ಅಕ್ಕ, ಸ್ನಾನ ಮಾಡು, ಹನ್ನೊಂದಕ್ಕೆಲ್ಲ ಅಲ್ಲಿರಬೇಕು. ಪ್ರಿನ್ಸಿಪಾಲರು ಬೇರೆ ಬ್ಯಾನರ್ ಹಾಕ್ಸಿದಾರೆ” ಎಂದಳು. ಚೈತ್ರಾ ಅದೇ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದಳು. ಅಕ್ಕನನ್ನು ಕರೆಸಬೇಕೆಂದು ಎರಡು ವರ್ಷದಿಂದ ಅಂದುಕೊಂಡು ಈಗ ಕೂಡಿಬಂದಿತ್ತು.

ಬಚ್ಚಲಲ್ಲಿ ಬಿಸಿನೀರು ಮೈಮೇಲೆ ಸುರಿದುಕೊಳ್ಳುವಾಗ ಶಿವಗಂಗಾಳಿಗೆ ಮೂಡಣ ದಿಬ್ಬ ಬೆಳ್ಳಗಾದ ಆ ಬೇಸಿಗೆಯ ನೀರಿನ ನೆನಪಾಯಿತು. ಸಮುದ್ರಕ್ಕೆ ಇಳಿದರೆ ಬಚ್ಚಲಿಗೆ ಇಳಿದಂತಿತ್ತು. ಎರಡಾಳು ಆಳದಲ್ಲೂ ತಂಪಿರಲಿಲ್ಲ. ಜನ ಭಾವಿಸುವಂತೆ ಹವಳ ಸಾಯಲು ದೊಡ್ಡ ಬೆಂಕಿ ಬೇಕಿಲ್ಲ. ಬೇಸಿಗೆಯ ನೀರು ಎಂದಿಗಿಂತ ಒಂದೋ ಒಂದೂವರೆಯೋ ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ನಿಂತರೆ ಸಾಕು. ಹವಳ ಕಟ್ಟುವ, ಕಾಳಿನಷ್ಟು ಕೂಡ ಇಲ್ಲದ ಹುಳುವಿನ ಮೈಯೊಳಗೆ ಪಾಚಿ ವಾಸವಾಗಿರುತ್ತದೆ; ಬಿಸಿಲು ಕುಡಿದು ಅದಕ್ಕೆ ಅನ್ನ ಹಾಕುತ್ತದೆ, ಬಣ್ಣವನ್ನೂ ಕೊಡುತ್ತದೆ. ಕಾವು ಏರಿದಾಗ ಆ ಪಾಚಿಯೇ ವಿಷವಾಗಿ, ಹುಳು ಅದನ್ನು ಹೊರಗೆ ಹಾಕುತ್ತದೆ. ಆಮೇಲೆ ಉಳಿಯುವುದು ಗಾಜಿನಂಥ ಮಾಂಸ, ಅದರ ಕೆಳಗೆ ಕಾಣುವ ಬಿಳಿ ಸುಣ್ಣದ ಗೂಡು. ಹಾಗೆ ಬೆಳ್ಳಗಾದದ್ದು ಸತ್ತಿರುವುದಿಲ್ಲ, ಹಸಿದಿರುತ್ತದೆ. ನೀರು ಬೇಗ ತಣಿದರೆ ಪಾಚಿ ಮತ್ತೆ ಸೇರಿಕೊಳ್ಳುತ್ತದೆ, ಬಣ್ಣ ಬರುತ್ತದೆ. ತಣಿಯದಿದ್ದರೆ ಹುಳು ಸಾಯುತ್ತದೆ, ಗೂಡಿನ ಮೇಲೆ ಬೇರೆ ಒರಟು ಪಾಚಿ ಕೂರುತ್ತದೆ. ಆ ಬೇಸಿಗೆಯಲ್ಲಿ ಇಡೀ ಮೂಡಣ ದಿಬ್ಬ ಹುಣ್ಣಿಮೆಯಲ್ಲಿ ಸುಣ್ಣ ಬಳಿದ ಊರಿನಂತೆ ಹೊಳೆಯುತ್ತಿತ್ತು. ಅಷ್ಟು ಚೆಲುವಾದದ್ದನ್ನು ಅವಳು ಬದುಕಿನಲ್ಲಿ ನೋಡಿರಲಿಲ್ಲ. ದಿನಕ್ಕೆ ಮೂರು ಸಲ ಇಳಿಯುತ್ತಿದ್ದಳು. ಬಾಗೂರಿನಿಂದ ಚೈತ್ರಾ ಫೋನು ಮಾಡಿ, “ಅಪ್ಪಗೆ ಹುಷಾರಿಲ್ಲ, ಬಾರೇ ಅಕ್ಕ” ಅನ್ನುತ್ತಿದ್ದಳು. “ಇನ್ನೊಂದು ವಾರ. ಇದು ಮತ್ತೆ ಸಿಗಲ್ಲ ಕಣೇ, ಈಗ ನೋಡಿದ್ರೆ ನೋಡಿದಂಗೆ.” ಅಪ್ಪ ತೀರಿಕೊಂಡ ಸುದ್ದಿ ಬಂದಾಗ ಅವಳು ನೀರಿನೊಳಗಿದ್ದಳು. ಮೇಲೆ ಬಂದು ದೋಣಿಯ ಅಂಚಿಗೆ ಕೈಹಾಕಿದಾಗ ದೋಣಿಯಲ್ಲಿದ್ದವರು ಅವಳ ಬೆನ್ನಿನ ಸಿಲಿಂಡರನ್ನು ಬಹಳ ಮೆತ್ತಗೆ ಎತ್ತಿಕೊಂಡರು. ಹಡಗು, ರೈಲು, ಬಸ್ಸು. ಬಾಗೂರು ಸೇರುವಷ್ಟರಲ್ಲಿ ಹೊಲದಲ್ಲಿ ಸಮಾಧಿಯಾಗಿತ್ತು, ಹಸಿಮಣ್ಣಿನ ಮೇಲೆ ಬಿಲ್ವಪತ್ರೆ ಒಣಗಿ ಸುರುಟಿತ್ತು. ಸೋದರಮಾವ ಚಿತ್ರಲಿಂಗಪ್ಪ ಜಗಲಿಯ ಮೇಲೆ ಕೂತು ಬಂದವರಿಗೆಲ್ಲ ಹೇಳುತ್ತಿದ್ದರು: “ದೊಡ್ಡಾಕಿ ಬಂದ್ಳು ನೋಡ್ರಿ. ಹವಳ ಎಣ್ಸಾಕೆ ಹೋಗಿದ್ಳು.”

“ಅಕ್ಕಾ, ನೀರು ಖಾಲಿ ಆಗ್ತೈತೆ!” ಎಂದು ಹೊರಗಿನಿಂದ ಚೈತ್ರಾ ಕೂಗಿದಳು.

ಸ್ಕೂಟಿಯಲ್ಲಿ ತಂಗಿಯ ಹಿಂದೆ ಕೂತು ಹೋಗುವಾಗ, ಚಿತ್ರಗಳ ವಿಷಯ ಚೈತ್ರಾಗೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. ಗಾಳಿ ಜೋರಾಗಿತ್ತು. ಕೋಟೆಯ ಬಂಡೆಗಳ ಆಚೆ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಹೇಳಿದರೆ ಚೈತ್ರಾ ಕುಣಿಯುತ್ತಾಳೆ, ಇವತ್ತೇ ಹೇಳಕ್ಕ ಎನ್ನುತ್ತಾಳೆ. ಅವಳಿಗೇನು. ಭಾಷಣದ ಕೊನೆಯಲ್ಲಿ ಬಿಳಿ ದಿಬ್ಬದ ಚಿತ್ರ ತೋರಿಸಿ, ಅದರ ಹಿಂದೆಯೇ ಬೂದುಬಣ್ಣದ ಅದೇ ದಿಬ್ಬ ತೋರಿಸಿ, ಸ್ವಲ್ಪ ಹೊತ್ತು ಏನೂ ಮಾತಾಡದೆ ನಿಲ್ಲುವುದು ಶಿವಗಂಗಾಳ ಪದ್ಧತಿ. ಆ ಮೌನದಲ್ಲಿ ಸಭೆಯಲ್ಲಿ ಯಾರಾದರೂ ಕಣ್ಣೊರೆಸಿಕೊಳ್ಳುತ್ತಾರೆ. ಹಾಗೆ ನಿಂತು ನಿಂತೇ ಅವಳಿಗೆ ಬೆಂಗಳೂರಿನ ಸಂಸ್ಥೆಯಲ್ಲಿ ಮೇಜು ಸಿಕ್ಕಿತು, ಸಮಿತಿಗಳು ಸಿಕ್ಕವು. ನೀರಿಗೆ ಇಳಿಯದೆ ಎಷ್ಟೋ ವರ್ಷವಾಗಿತ್ತು. ಮೊದಮೊದಲು ಕೇಳಿದವರಿಗೆ ಮೊಣಕಾಲಿನ ಕಾರಣ ಹೇಳುತ್ತಿದ್ದಳು. ಈಗ ಯಾರೂ ಕೇಳುತ್ತಿರಲಿಲ್ಲ.

ಪ್ರಿನ್ಸಿಪಾಲ್ ರಾಜಶೇಖರ್ ತಮ್ಮ ಕೋಣೆಯಲ್ಲಿ ಕೂರಿಸಿ ಕಾಫಿ ತರಿಸಿದರು. ಸ್ವಲ್ಪ ಸಂಕೋಚದಿಂದ ಬಲಗೈ ಮುಂದೆ ಚಾಚಿ ಉಂಗುರ ತೋರಿಸಿದರು. “ಮೇಡಂ, ಇದು ಅಸಲಿ ಹವಳಾನಾ ನೋಡ್ರಿ. ಕುಜದೋಷಕ್ಕೆ ಅಂತ ನಮ್ಮ ಮನೆಯವ್ರು ಮಾಡಿಸಿದ್ದು. ಅಂಗಡಿಯವ್ನು ಒರಿಜಿನಲ್ ಅಂತಾನೆ.” ಎಲ್ಲ ಊರುಗಳಲ್ಲೂ ಯಾರಾದರೊಬ್ಬರು ಉಂಗುರ ತೋರಿಸುತ್ತಾರೆ. ಅವಳು ಎಂದಿನಂತೆ, ಇದು ಬೇರೆ ಜಾತಿ ಸರ್, ಆಳದ ನೀರಿನದು, ದಿಬ್ಬ ಕಟ್ಟುವ ಹವಳ ಒಡವೆಗೆ ಬರೋದಿಲ್ಲ ಎಂದಳು. “ಅಂದ್ರೆ ಅಸಲಿ?” ಎಂದು ಅವರು ಮತ್ತೆ ಕೇಳಿದರು. “ಇರಬಹುದು ಸರ್” ಎಂದಳು. ಅವರಿಗೆ ಸಮಾಧಾನವಾಯಿತು.

ಸಭಾಂಗಣದಲ್ಲಿ ಹುಡುಗಿಯರು ತುಂಬಿದ್ದರು. ದೀಪ, ಪ್ರಾರ್ಥನೆ, ಹೂಗುಚ್ಛ. ಪರಿಚಯಿಸಿದ ಅಧ್ಯಾಪಕರು ಅವಳನ್ನು ‘ನಮ್ಮ ಹೊಸದುರ್ಗ ತಾಲ್ಲೂಕಿನ ಹೆಮ್ಮೆಯ ಪುತ್ರಿ’ ಎಂದರು. ಅವಳು ಮೈಕಿನ ಮುಂದೆ ನಿಂತಾಗ ಹಿಂದಿನ ಬಾಗಿಲಿನಿಂದ ನಿರಂಜನ್ ಒಳಗೆ ಬಂದು, ಬೆನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯ ಸಾಲಿನ ತುದಿಗೆ ಕೂತ. ತಲೆ ಸ್ವಲ್ಪ ಬೋಳಾಗಿತ್ತು. ಅವಳು ಮಾತು ಶುರುಮಾಡಿದಳು. ಮಾತು ತಾನಾಗಿಯೇ ಹೋಗುತ್ತಿತ್ತು. ನಾಲಿಗೆಗೆ ದಾರಿ ಗೊತ್ತಿತ್ತು. ಹುಳು ಸುಣ್ಣ ಕಟ್ಟುವುದು, ಒಂದರ ಗೂಡಿನ ಮೇಲೆ ಇನ್ನೊಂದು, ಕವಲಿನ ಹವಳ ವರ್ಷಕ್ಕೆ ಅಂಗೈಯಷ್ಟು ಬೆಳೆದರೆ ಗುಂಡುಕಲ್ಲಿನಂಥ ಹವಳ ವರ್ಷಕ್ಕೆ ಬೆರಳಿನ ಅಗಲವೂ ಬೆಳೆಯುವುದಿಲ್ಲ ಎನ್ನುವುದು. ಹೇಳುತ್ತ ಹೇಳುತ್ತ ಅವಳ ಕಣ್ಣು ಕೊನೆಯ ಸಾಲಿಗೆ ಹೋಗಿ ಬರುತ್ತಿತ್ತು. ಅವನು ಎದ್ದು ನಿಂತು ಕೇಳಬಹುದು. ಕೇಳಲಿ ಎಂದೂ ಅನ್ನಿಸಿತು. ಕೇಳಿದರೆ ಉತ್ತರ ಕೊಡಬೇಕಾಗುತ್ತದೆ, ಕೊಟ್ಟರೆ ಮುಗಿಯುತ್ತದೆ. ಬಿಳಿ ದಿಬ್ಬ ಬಂತು. ಬೂದು ದಿಬ್ಬ ಬಂತು. ಅವಳು ಎಂದಿನಂತೆ ಸುಮ್ಮನೆ ನಿಂತಳು. ಅಭ್ಯಾಸವಾದ ಆ ಮೌನ ಈ ಸಲ ಬಾಯಲ್ಲಿ ಒಗರು ಕಾಯಿ ಕಚ್ಚಿದಂತೆ ಇತ್ತು. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿ ವೇಲಿನ ತುದಿಯಿಂದ ಕಣ್ಣು ಒತ್ತಿಕೊಂಡಳು.

ಚಪ್ಪಾಳೆಯ ನಂತರ ಪ್ರಶ್ನೆಗಳು ಎಂದರು. ಯಾರೂ ಕೇಳಲಿಲ್ಲ. ಚೈತ್ರಾ, “ಕೇಳ್ರೇ, ಕ್ಲಾಸಲ್ಲಿ ಅಷ್ಟು ಮಾತಾಡ್ತೀರಿ” ಎಂದಳು. ನಡುಸಾಲಿನಿಂದ ತೆಳ್ಳನೆಯ ಹುಡುಗಿಯೊಬ್ಬಳು ಎದ್ದು, ಹೇಮಾವತಿ, ಜವನಗೊಂಡನಹಳ್ಳಿ ಎಂದು ಹೆಸರು ಊರು ಎರಡನ್ನೂ ಹೇಳಿ, “ಮೇಡಂ, ಆ ಕೊನೇ ಫೋಟೋ ಹಳೇದಲ್ವಾ. ಈಗ ಅಲ್ಲಿ ಏನೈತೆ?” ಎಂದಳು.

ಅಷ್ಟು ಸರಳವಾದ ಪ್ರಶ್ನೆಯನ್ನು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಶಿವಗಂಗಾ ಮೈಕನ್ನು ಸರಿಮಾಡಿಕೊಂಡಳು. “ಈಗ ಅಲ್ಲಿ ಏನೂ ಇಲ್ಲಮ್ಮ” ಎಂದಳು. ಹುಡುಗಿ “ಥ್ಯಾಂಕ್ಯೂ ಮೇಡಂ” ಎಂದು ಕೂತಳು. ಕೊನೆಯ ಸಾಲಿನಲ್ಲಿ ನಿರಂಜನ್ ತನ್ನ ಚೀಲದ ಜಿಪ್ಪನ್ನು ನೋಡುತ್ತಿದ್ದ.

ಅವನು ಹೊರಗೆ ಸೈಕಲ್ ಸ್ಟ್ಯಾಂಡಿನ ನೆರಳಿನಲ್ಲಿ ಕಾದಿದ್ದ. ಅವಳು ಹೂಗುಚ್ಛವನ್ನು ತಂಗಿಯ ಕೈಗೆ ಕೊಟ್ಟು, ಊಟಕ್ಕೆ ನೀವು ಕಾಯಬೇಡಿ ಎಂದು ಹೇಳಿ ಅವನ ಹತ್ತಿರ ಬಂದಳು. “ಚೆನ್ನಾಗಿ ಮಾತಾಡಿದ್ರಿ ಮೇಡಂ” ಎಂದ. ಅದರಲ್ಲಿ ಕುಟುಕು ಇದೆಯೇ ಎಂದು ಅವಳು ಹುಡುಕಿದಳು, ಸಿಗಲಿಲ್ಲ. ಅರ್ಧ ದಿನದ ರಜೆ ಹಾಕಿ ಬಂದಿದ್ದೇನೆ, ಹಿರಿಯೂರಿನ ಬಸ್ಸು ಹಿಡಿಯಬೇಕು ಎಂದ. “ನಾನೂ ಬಸ್ಟ್ಯಾಂಡಿನ ತನಕ ಬರ್ತೀನಿ” ಎಂದು ಅವಳೇ ಆಟೋ ಕರೆದಳು. ಆಟೋದಲ್ಲಿ ಅವನು ತನ್ನ ಮಗಳ ವಿಷಯ, ಶಾಲೆಯ ಪ್ರಯೋಗಾಲಯದ ಬೀರುವಿನ ಬೀಗದ ಕೈ ಕಳೆದ ವಿಷಯ ಹೇಳಿದ. ಅವಳು ಹೂಂ ಹೂಂ ಎನ್ನುತ್ತಿದ್ದಳು.

ಬಸ್ ನಿಲ್ದಾಣದಲ್ಲಿ ಸಿಮೆಂಟಿನ ಬೆಂಚಿನ ಮೇಲೆ ಕೂತ ಮೇಲೆ ಅವಳು, “ಯಾಕೆ ಇವತ್ತೇ ಕಳಿಸಿದೆ?” ಎಂದು ಕೇಳಿಯೇ ಬಿಟ್ಟಳು.

ಅವನು ತಬ್ಬಿಬ್ಬಾದ. “ನಿಮ್ಮ ನಂಬರೇ ಇರಲಿಲ್ಲ ಮೇಡಂ. ನಿನ್ನೆ ಕಾಲೇಜಿನ ಪೋಸ್ಟರ್ ಯಾರೋ ಗ್ರೂಪಿಗೆ ಹಾಕಿದ್ರು. ಅದ್ರಾಗೆ ಚೈತ್ರಾ ಮೇಡಂ ನಂಬರಿತ್ತು, ಅವರನ್ನ ಕೇಳಿ ಇಸ್ಕೊಂಡೆ. ನಿಮಗೆ ಖುಷಿ ಆಗ್ತೈತೆ ಅಂದ್ಕೊಂಡೆ.”

“ಸಭೆಯಲ್ಲಿ ಯಾಕೆ ಏನೂ ಕೇಳಲಿಲ್ಲ?”

“ನೀವು ನೋಡಿರಲ್ಲ ಅಂದ್ಕೊಂಡೆ.”

ಎದುರಿಗೆ ಹೊಳಲ್ಕೆರೆಯ ಬಸ್ಸು ಹಿಂದೆ ಹಿಂದೆ ಬಂದು ನಿಂತಿತು. ಹೊಗೆ ಅವರ ಕಾಲಬುಡಕ್ಕೆ ಬಂತು. “ತೋರ್ಸು” ಎಂದಳು.

ಅವನ ಫೋನಿನಲ್ಲಿ ಚಿತ್ರಗಳು ಬಹಳ ಇದ್ದವು. ದ್ವೀಪದಲ್ಲಿ ಒಬ್ಬ ಗೆಳೆಯನ ಮನೆಯಲ್ಲಿ ಉಳಿದು, ಅವನ ದೋಣಿಯಲ್ಲೇ ಹೋಗಿ, ರಜೆ ಸಿಕ್ಕಾಗಲೆಲ್ಲ ಒಂದೇ ಜಾಗದಿಂದ ತೆಗೆದವು. ವರ್ಷದಿಂದ ವರ್ಷಕ್ಕೆ ಬಂಡೆ ಬದಲಾಗುತ್ತಿತ್ತು. ಮೊದಲು ಬೂದು. ಆಮೇಲೆ ಮೀನುಗಳು ಮೇದು ಮೇದು ಪಾಚಿ ಕಡಿಮೆಯಾಗಿ, ಕಲ್ಲಿನ ಮೇಲೆ ಗುಲಾಬಿ ಬಣ್ಣದ ಗಟ್ಟಿ ಪೊರೆ. ಆಮೇಲೆ ಅಂಗಿಯ ಗುಂಡಿಯಷ್ಟು ದೊಡ್ಡ ಚುಕ್ಕೆಗಳು. ಆಮೇಲೆ ತಟ್ಟೆಗಳು. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಮತ್ತೆ ನೀರು ಕಾದಾಗ ಅರ್ಧ ತಟ್ಟೆ ಸತ್ತು, ಉಳಿದರ್ಧ ಅಂಚಿನಿಂದ ಮತ್ತೆ ಹರಡುತ್ತಿತ್ತು. ನಿರಂಜನ್ ಬೆರಳಿನಿಂದ ದೊಡ್ಡದು ಮಾಡಿ ಮಾಡಿ ತೋರಿಸಿದ. ಅವನ ಧ್ವನಿ ಏರುತ್ತಿತ್ತು. “ಇವೆಲ್ಲ ಹೊರಗಿಂದ ಬಂದ ಮರಿ ಮೇಡಂ. ಬಡಗಣ ದ್ವೀಪದ ಕಡೆಯಿಂದ ನೀರಿನಾಗೆ ತೇಲಿ ಬಂದು ಈ ಗುಲಾಬಿ ಪೊರೆ ಮೇಲೆ ಕುಂತವೆ. ಅಂದ್ರೆ ದಾರಿ ಐತೆ. ಇಲ್ಲಿ ಎಷ್ಟು ಸಲ ಸತ್ರೂ ಅಲ್ಲಿಂದ ಬರ್ತವೆ. ಬೆಳೆಯೋ ವೇಗಾನೂ ನೋಡ್ರಿ, ಸೊನ್ನೆಯಿಂದ ಇಷ್ಟು. ನಾನು ಇದನ್ನ ಬರೀಬೇಕು ಅಂದ್ಕೊಂಡೀನಿ. ನಿಮ್ಮ ಹೆಸರೂ ಹಾಕ್ತೀನಿ. ಸಂಸ್ಥೆ ಹೆಸರಿಲ್ದೆ ಯಾರೂ ಒಳಕ್ಕೆ ಬಿಟ್ಕಳಲ್ಲ.”

ಅವಳ ಎದೆಯಿಂದ ಏನೋ ಇಳಿದಂತಾಯಿತು. ಹೊರಗಿಂದ ಬಂದ ಮರಿ. ಹಾಗಾದರೆ ಅವತ್ತು ಅದು ಸತ್ತೇ ಇತ್ತು. ತಾನು ಹೇಳಿದ್ದು ನಿಜ. ಆಮೇಲೆ ಬೇರೆ ಹವಳ ಬಂದು ಕೂತರೆ ತನ್ನ ತಪ್ಪೇನು? ಸತ್ತವರ ಮನೆಗೆ ಬೇರೆಯವರು ಬಾಡಿಗೆಗೆ ಬಂದಂತೆ. ಇದನ್ನು ಭಾಷಣದ ಕೊನೆಗೆ ಸೇರಿಸಿದರೂ ಸೇರಿಸಬಹುದು. ಒಂದು ಸಲ ಸುಮ್ಮನೆ ನಿಂತು, ಆಮೇಲೆ ಈ ಚಿತ್ರ. ಆ ಯೋಚನೆ ಬಂದ ಕ್ಷಣವೇ ಅವಳಿಗೆ ತನ್ನ ಬಗ್ಗೆ ಹೇಸಿಕೆಯಾಯಿತು. ಹೇಸಿಕೆಯಾದರೂ ಹಗುರವಾಗಿಯೇ ಇತ್ತು. “ಚೆನ್ನಾಗೈತೆ ನಿರಂಜನ್” ಎಂದಳು. ಬಹಳ ದಿನದ ಮೇಲೆ ಅವಳ ಬಾಯಲ್ಲಿ ಊರಿನ ಮಾತು ಬಂದಿತ್ತು.

ಅವನು ಉಬ್ಬಿಹೋಗಿ ಇನ್ನೊಂದು ಚಿತ್ರ ತೆಗೆದ. ಅದು ಸಜ್ಜದಂಥ ಅಂಚಿನದು, ಮೀನೊಂದು ಅಡ್ಡ ಬಂದು ಸ್ವಲ್ಪ ಓರೆಯಾಗಿ, ಕೆಳಗಿನಿಂದ ಮೇಲಕ್ಕೆ ತೆಗೆದದ್ದು. “ಇದು ಎಲ್ಲಕ್ಕಿಂತ ದೊಡ್ಡದು ಮೇಡಂ” ಎಂದ.

ಅವಳು ಫೋನನ್ನು ಅವನ ಕೈಯಿಂದ ತೆಗೆದುಕೊಂಡು ಬಿಸಿಲಿಗೆ ಅಡ್ಡ ಸೆರಗು ಹಿಡಿದು ನೋಡಿದಳು. ತಟ್ಟೆಯ ಮೇಲ್ಭಾಗ ಹೊಸದಾಗಿಯೇ ಇತ್ತು. ಅದರ ಬುಡ ಎಲ್ಲಿದೆ ಎಂದು ಅವಳ ಕಣ್ಣು ತಾನಾಗಿ ಹುಡುಕಿತು. ಮರಿಯಾಗಿ ಬಂದು ಕೂತದ್ದಾದರೆ ಒಂದೇ ಬುಡ, ಒಂದೇ ಕಾಂಡ ಇರಬೇಕು, ಕೊಡೆಯ ಹಾಗೆ. ಇದಕ್ಕೆ ಹಾಗಿರಲಿಲ್ಲ. ಅಂಚಿನ ಕೆಳಗೆ, ನೆರಳಿನಲ್ಲಿ, ಹಳೆಯ ದಪ್ಪನೆಯ ಗೂಡು ಇತ್ತು. ಅದರ ಮೇಲೆ ಕಂದು ಜೀವ ತೇಪೆಯಂತೆ ಹರಡಿ, ಅಲ್ಲಿಂದ ಮೇಲಕ್ಕೆ ಹತ್ತಿ, ಅಂಚನ್ನು ದಾಟಿ, ಬಿಸಿಲಿಗೆ ಬಂದ ಮೇಲೆ ತಟ್ಟೆಯಾಗಿತ್ತು. ಅವಳು ದೊಡ್ಡದು ಮಾಡಿದಳು. ಚಿತ್ರ ಒಡೆಯಿತು. ಸಣ್ಣದು ಮಾಡಿ ಮತ್ತೆ ನೋಡಿದಳು. ಅಂಚಿನ ಅಡಿ. ಅಪ್ಪನ ಸಮಾಧಿ ನೋಡಿ ಹಿಂತಿರುಗಿದ ಮೇಲೆ, ಮಳೆಗಾಲ ಮುಗಿದು ಅವಳು ಮೂಡಣ ದಿಬ್ಬಕ್ಕೆ ಇಳಿದದ್ದು ಒಂದೇ ಸಲ. ನಿಯಮದ ಪ್ರಕಾರ ಎಣಿಕೆಗೆಂದು ಗುರುತು ಮಾಡಿದ ಪ್ರತಿ ಚೌಕದಲ್ಲಿ ಮೇಲೂ ನೋಡಬೇಕು, ಸೀಳುಗಳ ಒಳಗೂ, ಅಂಚುಗಳ ಅಡಿಗೂ ತಲೆಹಾಕಿ ನೋಡಬೇಕು. ಅವಳು ಮೇಲಿನಿಂದ ಈಜಿಕೊಂಡು ಹೋದಳು. ಎಲ್ಲ ಬೂದುಬಣ್ಣವಾಗಿತ್ತು. ನೋಡುತ್ತ ನೋಡುತ್ತ ಅವಳಿಗೆ ಕೋಪ ಬಂದಿತ್ತು. ನೀನು ಇಷ್ಟಕ್ಕಾಗಿ ನನ್ನನ್ನು ಇಲ್ಲಿ ಹಿಡಿದಿಟ್ಟುಕೊಂಡೆಯಾ ಎಂಬಂಥ ಕೋಪ. ಸಿಲಿಂಡರಿನಲ್ಲಿ ಇನ್ನೂ ಅರ್ಧ ಗಂಟೆಯ ಗಾಳಿ ಇದ್ದಾಗಲೇ, ಜೀವಂತ ಹವಳ ಸೊನ್ನೆ ಎಂದು ಗುರುತು ಹಾಕಿ ಮೇಲೆ ಬಂದಿದ್ದಳು.

“ಇದು ಮರಿ ಅಲ್ಲ” ಎಂದಳು.

“ಹೆಂಗೆ ಮೇಡಂ?”

“ಬುಡ ನೋಡು. ಇದು ಹಳೇ ಗೂಡು. ಅಡಿ ನೆರಳಿನಲ್ಲಿ ಸ್ವಲ್ಪ ಜೀವ ಉಳ್ಕೊಂಡಿತ್ತು. ಅಲ್ಲಿಂದಲೇ ಮೇಲಕ್ಕೆ ಬಂದಿದೆ.”

ನಿರಂಜನ್ ಬಗ್ಗಿ ನೋಡಿದ. “ಇಲ್ಲ ಮೇಡಂ, ಅದು ಎರಡು ಕೂಡ್ಕೊಂಡಿರಬೇಕು. ಕೆಳಗಿಂದು ಒಂದು, ಮೇಲಿಂದು ಒಂದು.”

“ಎರಡು ಕೂಡಿದ್ರೆ ನಡುವೆ ಗೆರೆ ಇರುತ್ತೆ. ಎಲ್ಲೈತೆ ಗೆರೆ? ಎರಡು ವರ್ಷದ ಹಿಂದಿನದು ತೆಗಿ. ಅದರ ಹಿಂದಿಂದು ತೆಗಿ. ನೋಡು, ಎಲ್ಲಿ ಶುರುವಾಗೈತೆ? ಅಂಚಿನ ಕೆಳಗಿಂದ. ಬಿಸಿಲು ನೇರ ಬೀಳದ ಜಾಗ. ಅಲ್ಲಿ ಕಾವು ತಡಕೊಂಡಿದೆ.” ಅವಳ ಧ್ವನಿ ದೊಡ್ಡದಾಗಿತ್ತು. ಪಕ್ಕದಲ್ಲಿ ಶೇಂಗಾ ಬಿಡಿಸಿಕೊಂಡು ತಿನ್ನುತ್ತಿದ್ದ ಹೆಂಗಸು ಇವರತ್ತ ತಿರುಗಿದಳು. ಹಿರಿಯೂರಿನ ಬಸ್ಸು ಬಂತು, ಕಂಡಕ್ಟರ್ ಕೂಗಿದ, ಹೋಯಿತು. ಇಬ್ಬರೂ ಏಳಲಿಲ್ಲ. ಒಂದೊಂದೇ ಚಿತ್ರ ತೆಗೆದು ಜಗಳವಾಡಿದರು. ಉಬ್ಬಿನ ಮೇಲಿದ್ದ ಮೂರು ಪುಟ್ಟವನ್ನು ಅವಳು ಮರಿಯೆಂದು ಒಪ್ಪಿದಳು. ಸೀಳಿನ ಒಳಗಿನವು ಹಳೆಯವೇ. ತಟ್ಟೆಯಂಥ ದೊಡ್ಡವೆಲ್ಲ ಹಳೆಯವೇ. ನೋಡುವ ಆಸೆ ಅವಳ ಕಣ್ಣಿಗೆ ಎಷ್ಟು ವೇಗವಾಗಿ ಮರಳಿತ್ತೆಂದರೆ, ತಾನು ಸಾಬೀತು ಮಾಡುತ್ತಿರುವುದು ಏನನ್ನು ಎಂಬುದು ನಡುವೆ ಒಂದೆರಡು ನಿಮಿಷ ಅವಳಿಗೆ ಮರೆತೇ ಹೋಗಿತ್ತು.

ಕೊನೆಗೆ ನಿರಂಜನ್ ಫೋನನ್ನು ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡ. ಅವನ ಮುಖ ಇಳಿದುಹೋಗಿತ್ತು. “ಹಂಗಾದ್ರೆ ನಾನು ಅಂದ್ಕೊಂಡಿದ್ದೆಲ್ಲ ತಪ್ಪು. ಹೊರಗಿಂದ ಬರ್ತಿರೋದು ಇಷ್ಟೇ ಇಷ್ಟು. ಸೊನ್ನೆಯಿಂದ ಬೆಳೆದಿದ್ದೂ ಅಲ್ಲ. ಇನ್ನೊಂದು ಎರಡು ಬೇಸಿಗೆ ಹಂಗೇ ಕಾದು ಈ ಅಡಿಯವೂ ಹೋದ್ರೆ ಆಮೇಲೆ ಬರಾಕೆ ಯಾರೂ ಇಲ್ಲ.”

“ಹೌದು.”

“ನೀವು ಸುಮ್ಕಿರಬಹುದಿತ್ತು ಮೇಡಂ.” ಅದನ್ನು ಅವನು ದೂರಿನಂತೆ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಹುಬ್ಬು ಗಂಟಿಕ್ಕಿತು. ಅವನು ಅವಳ ಕಡೆ ನೋಡದೆ, “ಅಂದ್ರೆ ಅವತ್ತೇ ಜೀವ ಇತ್ತು” ಎಂದ.

“ಇತ್ತು. ನಾನು ಅಡಿ ನೋಡಿರಲಿಲ್ಲ.”

ಐದಾರು ಜನರ ಮುಂದೆ ಅವನಿಗೆ ಹೇಳಿದ ಮಾತನ್ನು ಅವನು ಈಗ ತಿರುಗಿ ಹೇಳಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಶೇಂಗಾ ಸಿಪ್ಪೆಯೊಂದನ್ನು ಚಪ್ಪಲಿಯಿಂದ ಒತ್ತಿ ಪುಡಿಮಾಡುತ್ತಿದ್ದ. “ಎಲ್ಲ ಅಂಚಿನ ಅಡಿಗೂ ಹೋಗಿ ಫೋಟೋ ತೆಗೀಬೇಕು. ನಾನು ಮೇಲಿಂದ ತೆಗ್ದಿರೋದೇ ಜಾಸ್ತಿ” ಎಂದ. “ಬೇಸಿಗೆ ರಜಕ್ಕೆ ಹೋಗ್ತೀನಿ. ಪರ್ಮಿಷನ್ನು ನಿಮ್ಮ ಕಡೆಯಿಂದ ಆಗ್ತೈತಾ?”

“ಆಗುತ್ತೆ. ಬೆಂಗಳೂರಿಗೆ ಹೋದ ಕೂಡಲೇ ಮಾಡಿಸ್ತೀನಿ.”

“ನೀವೂ ಬರ್ತೀರಾ?”

“ಬರ್ತೀನಿ. ನೀರಿಗೆ ಇಳಿಯೋಕೆ ಆಗುತ್ತೋ ಇಲ್ಲವೋ ಗೊತ್ತಿಲ್ಲ.”

“ದೋಣಿಯಾಗೆ ಕುಂತ್ಕಳ್ರಿ” ಎಂದ ನಿರಂಜನ್. ಮುಂದಿನ ಬಸ್ಸು ಬಂದಿತ್ತು. ಅವನು ಹತ್ತಿದ. ಕಿಟಕಿಯ ಪಕ್ಕ ಸೀಟು ಸಿಗದೆ ನಿಂತೇ ಹೋದ. ಜನರ ನಡುವೆ ಅವನ ಚೀಲ ಮಾತ್ರ ಕಂಡಿತು.

ಚೈತ್ರಾ ಫೋನು ಮಾಡಿದಳು. ಅವ್ವ ಅವರೆಕಾಳಿನ ಸಾರು ಮಾಡಿ ಕಾಯುತ್ತಿದ್ದಾಳೆ, ತಾನು ಊಟ ಮುಗಿಸಿ ಮತ್ತೆ ಕಾಲೇಜಿಗೆ ಬಂದಿದ್ದೇನೆ, ಎಲ್ಲಿದ್ದೀಯ ಎಂದಳು. “ಆ ಹುಡುಗಿ, ಜವನಗೊಂಡನಹಳ್ಳಿಯವಳು, ಈಗ ಎಲ್ಲಿರ್ತಾಳೆ?” ಎಂದು ಶಿವಗಂಗಾ ಕೇಳಿದಳು. “ನನ್ನ ಪ್ರಾಕ್ಟಿಕಲ್ ಕ್ಲಾಸಿನಾಗೇ ಅವಳೆ. ಯಾಕಕ್ಕ?” “ಬರ್ತೀನಿ ಇರು.”

ಪ್ರಯೋಗಾಲಯದಲ್ಲಿ ಹುಡುಗಿಯರು ಸಾಲಾಗಿ ಸೂಕ್ಷ್ಮದರ್ಶಕಗಳ ಮುಂದೆ ನಿಂತು ಹೈಡ್ರಾದ ಸ್ಲೈಡು ನೋಡಿ ಚಿತ್ರ ಬಿಡಿಸುತ್ತಿದ್ದರು. ಹೇಮಾವತಿ ಕಿಟಕಿಯ ಬದಿಯ ಮೇಜಿನಲ್ಲಿದ್ದಳು. ಬೆಳಗಿನ ಅತಿಥಿ ನೇರವಾಗಿ ತನ್ನ ಹತ್ತಿರ ಬಂದದ್ದು ಕಂಡು ಪೆನ್ಸಿಲು ಕೆಳಗಿಟ್ಟು ಕೈಕಟ್ಟಿದಳು. ಸುತ್ತಲಿನವರೂ ಕಿವಿಗೊಟ್ಟರು. ಇದನ್ನು ಹೇಗೆ ಶುರುಮಾಡಬೇಕೆಂದು ಆಟೋದಲ್ಲಿ ಯೋಚಿಸಿದ್ದೆಲ್ಲ ಶಿವಗಂಗಾಳಿಗೆ ಬೇಡವೆನ್ನಿಸಿತು.

“ಬೆಳಿಗ್ಗೆ ನೀನು ಕೇಳಿದ್ದಕ್ಕೆ ನಾನು ಸುಳ್ಳು ಹೇಳಿದೆ ಹೇಮಾವತಿ. ಅಲ್ಲಿ ಹವಳ ಐತೆ. ಭಾಷಣಕ್ಕೆ ಮೊದಲೇ ನನಗೆ ಗೊತ್ತಿತ್ತು.” ಚೈತ್ರಾ ಆಚೆ ಮೇಜಿನಿಂದ ತಲೆಯೆತ್ತಿ ನೋಡಿದಳು. ಶಿವಗಂಗಾ ಫೋನು ತೆಗೆದು ಚಿತ್ರ ತೋರಿಸಿದಳು, ಅಂಚಿನ ಅಡಿಯ ನೆರಳು ತೋರಿಸಿದಳು, ಅವತ್ತು ತಾನು ಮೇಲಿನಿಂದ ನೋಡಿ ಬಂದುಬಿಟ್ಟದ್ದನ್ನು, ಆಮೇಲೆ ಆ ಕಡೆ ಹೋಗದೇ ಇದ್ದದ್ದನ್ನು ಹೇಳಿದಳು. ಪೂರ್ತಿ ಸತ್ತ ಕಡೆ ದೂರದಿಂದ ಮರಿಗಳೇ ಬರಬೇಕು, ಬಂದರೆ ಉಂಟು. ಎಲ್ಲೋ ಒಂದು ಚೂರು ಜೀವ ಉಳಿದ ಕಡೆ ಅದೇ ಹಳೆಯ ಗೂಡಿನ ಮೇಲೆ ಮತ್ತೆ ಹಬ್ಬುತ್ತದೆ. ಮೂಡಣ ದಿಬ್ಬದಲ್ಲಿ ಆಗಿರುವುದು ಹೆಚ್ಚಾಗಿ ಎರಡನೆಯದು. ಕವಲಿನವು, ತಟ್ಟೆಯಂಥವು ಬಂದಿವೆ, ಗುಂಡುಕಲ್ಲಿನಂಥವು ಬಂದಿಲ್ಲ, ಅವಕ್ಕೆ ನನ್ನ ಆಯಸ್ಸು ಸಾಲುವುದಿಲ್ಲ. ನಡುವೆ ಸಾಕಷ್ಟು ತಂಪು ವರ್ಷಗಳು ಸಿಕ್ಕರೆ ಉಳಿಯುತ್ತದೆ. ಸಿಗುತ್ತವೆಂದು ಯಾರೂ ಹೇಳಲಾರರು. ಹೇಳುವಾಗ ಅವಳ ಧ್ವನಿ ಸಭೆಯಲ್ಲಿದ್ದಂತೆ ಇರಲಿಲ್ಲ, ಮಾತು ಅಲ್ಲಲ್ಲಿ ತಡವರಿಸಿತು. ಹುಡುಗಿಯರು ಒಬ್ಬರ ಭುಜದ ಮೇಲೆ ಒಬ್ಬರು ಬಗ್ಗಿ ಫೋನು ನೋಡಿದರು.

ಹೇಮಾವತಿ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ, “ಮೇಡಂ, ಆ ಅಂಚಿನ ಅಡಿ ಜೀವ ಐತೆ ಅಂತ ಅವತ್ತೇ ಗೊತ್ತಾಗಿದ್ರೆ ನೀವು ಅಲ್ಲೇ ಇರ್ತಿದ್ರಾ?” ಎಂದಳು.

ಚೈತ್ರಾ, “ಏ ಹೇಮಾವತಿ” ಎಂದು ಗದರಲು ಬಂದಳು. ಶಿವಗಂಗಾ ಕೈ ಎತ್ತಿ ಅವಳನ್ನು ತಡೆದಳು. ಇರುತ್ತಿದ್ದೆ ಎನ್ನುವುದು ಸುಲಭವಿತ್ತು; 'ಇ' ಎಂಬ ಅಕ್ಷರ ನಾಲಿಗೆಯ ತುದಿಗೆ ಬಂದೂ ಬಂದಿತ್ತು. ಹುಡುಗಿ ಕಾಯುತ್ತಿದ್ದಳು. ಬೂದುಬಣ್ಣದ ಆ ದಿಬ್ಬದಿಂದ ಮೇಲಕ್ಕೆ ಬಂದು, ಮುಖವಾಡ ಕಿತ್ತು, ದೋಣಿಯ ಅಂಚಿಗೆ ತಲೆಯಾನಿಸಿಕೊಂಡು ಬಿಟ್ಟ ಆ ದೊಡ್ಡ ಉಸಿರು ಅವಳಿಗೆ ನೆನಪಿತ್ತು. ಅದು ದುಃಖದ ಉಸಿರಾಗಿರಲಿಲ್ಲ. ಶಾಲೆ ಬಿಟ್ಟ ಮಕ್ಕಳ ಉಸಿರಿನಂಥದ್ದು.

“ಇಲ್ಲ” ಎಂದಳು. “ಇರ್ತಿರಲಿಲ್ಲ. ನನಗೆ ಸಾಕಾಗಿತ್ತು.”

ಹೇಮಾವತಿ ಅದನ್ನು ಕೇಳಿಸಿಕೊಂಡು ತಲೆಯಾಡಿಸಿದಳು. ಮೇಜಿನ ಕೆಳಗಿದ್ದ ಸ್ಟೂಲನ್ನು ಕಾಲಿನಿಂದ ಹೊರಗೆಳೆದು, ವೇಲಿನಿಂದ ಅದರ ಮೇಲಿನ ಧೂಳು ಒರೆಸಿ, “ಕುಂತ್ಕಳ್ರಿ ಮೇಡಂ, ಎಷ್ಟೊತ್ತು ನಿಂತಿರ್ತೀರಿ” ಎಂದಳು.

ಶಿವಗಂಗಾ ಕೂತಳು.